ಗ್ಲಾಸಿನಲ್ಲಿ ತೋಟ ಕಾಣುತ್ತಾ? ಶಾರ್ಡೊನೆ ಶಾಂಪೇನ್ ರುಚಿ ನೋಡುವ ಕ್ರಮ, ಅದರಲ್ಲಿ ರೈತನಿಗಿರುವ ಪಾಠ

"ಅಣ್ಣಾರ, ದ್ರಾಕ್ಷಿ ನಾವೂ ಬೆಳಿತೀವಿ, ಅವರೂ ಬೆಳಿತಾರ. ಅವರ ಬಾಟ್ಲಿಗೆ ಅಷ್ಟ್ಯಾಕ್ರೀ ರೇಟು? ಅದರೊಳಗ ಅಂಥಾದ್ದು ಏನೈತಿ?"

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಯುವ ದ್ರಾಕ್ಷಿ ಬೆಳೆಗಾರರೊಬ್ಬರು ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಯಾವುದೋ ವಿಡಿಯೊದಲ್ಲಿ ಒಂದೇ ಒಂದು ಶಾಂಪೇನ್ ಬಾಟಲಿಯ ಬೆಲೆ ನೂರಾರು ಯುರೋ ಅಂತ ನೋಡಿದ್ದರಂತೆ. ಬರೀ ಹೆಸರಿಗೆ ದುಡ್ಡು, ಶ್ರೀಮಂತರ ಶೋಕಿ ಅಂತ ಹೇಳಿ ಫೋನ್ ಇಡಬಹುದಿತ್ತು. ಆದರೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ತೋಟದಲ್ಲೇ ಇದೆ. ಹಾಗಾಗಿ ಈ ವಾರದ ಲೇಖನ ಅದಕ್ಕೇ ಮೀಸಲು.

ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ಇದು ಕುಡಿಯಿರಿ ಅಂತ ಹೇಳುವ ಲೇಖನ ಅಲ್ಲ. ವೈನ್ ರುಚಿ ನೋಡುವುದೇ ಕಸುಬಾಗಿರುವವರು ಬಾಯಿಗೆ ಹಾಕಿಕೊಂಡದ್ದನ್ನು ನುಂಗೋದೂ ಇಲ್ಲ, ಪಕ್ಕದ ಬಕೆಟ್ಟಿಗೆ ಉಗೀತಾರೆ. ಕುಡಿಯದವರೂ ಧಾರಾಳವಾಗಿ ಓದಬಹುದು. ನಮಗೆ ಬೇಕಾಗಿರೋದು ಆ ಗ್ಲಾಸಿನ ಹಿಂದಿರುವ ಬೇಸಾಯ.

ಫೋನ್ ಮಾಡಿದವರಿಗೆ ಮೊದಲು ಹೇಳಿದ ಲೆಕ್ಕ ಇದು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ಇದೆ. ಅದರಲ್ಲಿ ಹತ್ತಿರ ಹತ್ತಿರ 90 ಪರ್ಸೆಂಟ್ ಜಮೀನು ಇರೋದು ದೊಡ್ಡ ಕಂಪನಿಗಳ ಕೈಯಲ್ಲಿ ಅಲ್ಲ, ಸುಮಾರು 16,000 ರೈತ ಕುಟುಂಬಗಳ ಕೈಯಲ್ಲಿ. ಭಾಗ ಮಾಡಿ ನೋಡಿ. ಒಬ್ಬೊಬ್ಬರಿಗೆ ಸರಾಸರಿ 2 ಹೆಕ್ಟೇರ್, ಅಂದ್ರೆ 5 ಎಕರೆ ಆಸುಪಾಸು. ನಮ್ಮ ಹಾಗೇ ಐದೆಕರೆ ರೈತರು. ಆದರೆ ಇತ್ತೀಚಿನ ವರ್ಷಗಳಲ್ಲಿ ಅವರ ದ್ರಾಕ್ಷಿಗೆ ಕೆಜಿಗೆ 6 ಯುರೋಗಿಂತ ಜಾಸ್ತಿ ಸಿಗ್ತಿದೆ. ನಮ್ಮ ದುಡ್ಡಲ್ಲಿ 500 ರೂಪಾಯಿಗೂ ಮೇಲೆ.

ಇದು ಹೇಗೆ ಸಾಧ್ಯವಾಯ್ತು ಅಂತ ತಿಳಿಯೋಕೆ ಒಂದು ಗ್ಲಾಸ್ ಮುಂದಿಟ್ಟುಕೊಂಡು ಶುರು ಮಾಡೋಣ.

ಲೇಬಲ್ ಓದೋದು ಮೊದಲ ಕೆಲಸ

ಶಾಂಪೇನ್‌ನಲ್ಲಿ ಮುಖ್ಯವಾಗಿ ಮೂರು ತಳಿ ಬೆಳೀತಾರೆ: ಪಿನೋ ನುವಾರ್, ಮನ್ಯೇ ಮತ್ತು ಶಾರ್ಡೊನೆ. ಮೊದಲೆರಡು ಕಪ್ಪು ದ್ರಾಕ್ಷಿ, ಶಾರ್ಡೊನೆ ಬಿಳಿ ದ್ರಾಕ್ಷಿ. ಹೆಚ್ಚಿನ ಬಾಟಲಿಗಳಲ್ಲಿ ಇವನ್ನು ಬೆರೆಸಿರ್ತಾರೆ. ಬಿಳಿ ದ್ರಾಕ್ಷಿ ಮಾತ್ರ ಬಳಸಿದ್ರೆ ಲೇಬಲ್ ಮೇಲೆ 'ಬ್ಲಾಂ ದ ಬ್ಲಾಂ' ಅಂತ ಇರುತ್ತೆ. ಬಿಳಿಯದರಿಂದ ಮಾಡಿದ ಬಿಳಿ ಅಂತ ಅರ್ಥ. ಶಾಂಪೇನ್‌ನಲ್ಲಿ ಇದು ಹೆಚ್ಚುಕಮ್ಮಿ ಪೂರ್ತಿ ಶಾರ್ಡೊನೆಯೇ.

ಎರಡನೆಯದು ವರ್ಷ. ಸಾಮಾನ್ಯ ಶಾಂಪೇನ್ ಬಾಟಲಿ ಮೇಲೆ ವರ್ಷ ಇರೋದಿಲ್ಲ. ಈ ವರ್ಷದ ವೈನಿಗೆ ಹಳೆ ವರ್ಷಗಳ ವೈನ್ ಬೆರೆಸಿ ಒಂದೇ ರುಚಿ ಕಾಯ್ದುಕೊಳ್ತಾರೆ. ಒಳ್ಳೆ ಫಸಲು ಬಂದ ವರ್ಷದಲ್ಲಿ ಮಾತ್ರ ಕೆಲವರು ಆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿ, ವರ್ಷ ನಮೂದಿಸ್ತಾರೆ. ಅದೇ 'ವಿಂಟೇಜ್'. ಇದಕ್ಕೆ ನಿಯಮವೂ ಇದೆ. ವರ್ಷ ಇಲ್ಲದ ಬಾಟಲಿಯನ್ನು ಕನಿಷ್ಠ 15 ತಿಂಗಳು, ವಿಂಟೇಜ್ ಬಾಟಲಿಯನ್ನು ಕನಿಷ್ಠ 3 ವರ್ಷ ನೆಲಮಾಳಿಗೆಯಲ್ಲಿ ಇಟ್ಟ ಮೇಲೇ ಮಾರಬೇಕು. ಒಳ್ಳೆಯವರು 7–8 ವರ್ಷ, 10 ವರ್ಷ ಕಾಯೋದೂ ಉಂಟು.

ಮೂರನೆಯದು, ಲೇಬಲ್ಲಿನ ಮೂಲೆಯಲ್ಲಿರುವ ಎರಡು ಸಣ್ಣ ಅಕ್ಷರ. 'ಎನ್‌ಎಂ' ಅಂದ್ರೆ ರೈತರಿಂದ ದ್ರಾಕ್ಷಿ ಕೊಂಡು ವೈನ್ ಮಾಡುವ ಕಂಪನಿ. 'ಸಿಎಂ' ಅಂದ್ರೆ ರೈತರ ಸಹಕಾರ ಸಂಘ. 'ಆರ್‌ಎಂ' ಅಂದ್ರೆ ತನ್ನ ತೋಟದ ದ್ರಾಕ್ಷಿಯಿಂದ ತಾನೇ ವೈನ್ ಮಾಡಿ ಮಾರುವ ರೈತ. ಯಾರು ಬೆಳೆದರು, ಯಾರು ಮಾಡಿದರು ಅನ್ನೋದು ಬಾಟಲಿ ಮೇಲೇ ಗೊತ್ತಾಗಬೇಕು ಅನ್ನೋ ಏರ್ಪಾಡು ಇದು.

ನಮ್ಮ ಗ್ಲಾಸು: ಲ ಮೆನಿಲ್ ಊರಿನ ಶಾರ್ಡೊನೆ, 2012

ಎಪರ್ನೆ ಅನ್ನೋ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಉದ್ದದ ಒಂದು ಗುಡ್ಡಸಾಲು ಇದೆ. ಹೆಸರು ಕೋಟ್ ದೆ ಬ್ಲಾಂ. ಇಳಿಜಾರು ಬಹುಪಾಲು ಪೂರ್ವಕ್ಕೆ ಮುಖ ಮಾಡಿದೆ, ಎಳೆ ಬಿಸಿಲು ಚೆನ್ನಾಗಿ ಬೀಳುತ್ತೆ. ಇಲ್ಲಿ ಹೆಚ್ಚುಕಮ್ಮಿ ಎಲ್ಲವೂ ಶಾರ್ಡೊನೆ. ಕ್ರಮಾನ್, ಅವೀಝ್, ಓಜೆ, ಲ ಮೆನಿಲ್ ಸೂರ್ ಓಜೆ – ಇವೆಲ್ಲ ಈ ಸಾಲಿನ ಹೆಸರುವಾಸಿ ಊರುಗಳು.

ಲ ಮೆನಿಲ್‌ನಲ್ಲಿ ಸಲೋನ್ ಅಂತ ಒಂದು ಸಂಸ್ಥೆ ಇದೆ. ಒಂದೇ ಊರು, ಒಂದೇ ತಳಿ, ಒಂದೇ ವರ್ಷ – ಇದು ಅವರ ಪದ್ಧತಿ. ಮೊದಲ ವಿಂಟೇಜ್ 1905ರದ್ದು. ಇಡೀ 20ನೇ ಶತಮಾನದಲ್ಲಿ ಅವರು ವೈನ್ ಬಿಡುಗಡೆ ಮಾಡಿದ್ದು 37 ವರ್ಷಗಳದ್ದು ಮಾತ್ರ. ಉಳಿದ ವರ್ಷ 'ಈ ಸಲ ನಮ್ಮ ಹೆಸರಲ್ಲಿ ಬೇಡ' ಅಂತ ಬಿಟ್ಟುಬಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದೇ ಮಾತಿಗೆ ಬರ್ತೀವಿ.

ಈಗ ಲ ಮೆನಿಲ್‌ನ ಒಬ್ಬ ಒಳ್ಳೆ ರೈತ 2012ರಲ್ಲಿ ಮಾಡಿಟ್ಟ ಬಾಟಲಿ ನಮ್ಮ ಮುಂದಿದೆ ಅಂತ ಇಟ್ಕೊಳ್ಳೋಣ.

ತಯಾರಿ: ತೀರಾ ತಣ್ಣಗೆ ಬೇಡ

ಫ್ರಿಜ್ಜಿನಿಂದ ತೆಗೆದ ತಕ್ಷಣ ರುಚಿ ನೋಡಿದರೆ ನಾಲಿಗೆ ಮರಗಟ್ಟುತ್ತೆ, ಘಮ ಏಳೋದಿಲ್ಲ. ಹಳೆ ವಿಂಟೇಜ್‌ಗೆ 10ರಿಂದ 12 ಡಿಗ್ರಿ ಸರಿ. ಅಗಲ ಬಾಯಿಯ ತಟ್ಟೆಯಂಥ ಗ್ಲಾಸ್ ಬೇಡ, ಅದರಲ್ಲಿ ಗುಳ್ಳೆ, ಘಮ ಎರಡೂ ಬೇಗ ಹಾರಿಹೋಗ್ತವೆ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಟುಲಿಪ್ ಹೂವಿನ ಆಕಾರದ ಗ್ಲಾಸ್ ಚೆನ್ನ.

ಬಾಟಲಿ ತೆಗೆಯುವಾಗ ಹುಷಾರು. ಒಳಗೆ ಸುಮಾರು 6 ಬಾರ್ ಒತ್ತಡ ಇರುತ್ತೆ. ಕಾರಿನ ಟೈರಿಗೆ ನಾವು 32 ಪಿಎಸ್‌ಐ ಗಾಳಿ ಹೊಡೆಸ್ತೀವಲ್ಲ, ಇಲ್ಲಿ 85 ಪಿಎಸ್‌ಐಗೂ ಮೇಲೆ. ಕ್ರಿಕೆಟ್ ಗೆದ್ದವರ ಹಾಗೆ ಬಿರಡೆ ಹಾರಿಸಿದರೆ ಕಣ್ಣಿಗೆ ಅಪಾಯ. ಬಿರಡೆ ಗಟ್ಟಿ ಹಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಬೇಕು. 'ಉಸ್' ಅಂತ ಒಂದು ನಿಟ್ಟುಸಿರು ಬಂದರೆ ಸಾಕು.

ಕಣ್ಣು: ಗುಳ್ಳೆ ಎಲ್ಲಿಂದ ಬಂತು?

ಮೊದಲು ಬಣ್ಣ ನೋಡಬೇಕು. ಹೊಸ ಶಾರ್ಡೊನೆ ಶಾಂಪೇನ್ ತಿಳಿ ಹಳದಿಯಲ್ಲಿ ಸ್ವಲ್ಪ ಹಸಿರು ಬೆರೆತ ಹಾಗಿರುತ್ತೆ. ಹತ್ತಾರು ವರ್ಷ ಕಳೆದ ಹಾಗೆ ಹೊನ್ನಿನ ಬಣ್ಣಕ್ಕೆ ತಿರುಗುತ್ತೆ. ಕಂದು ಬಣ್ಣ ಬಂದಿದ್ದರೆ ಗಾಳಿ ಹೊಕ್ಕು ಕೆಟ್ಟಿರಬಹುದು.

ಆಮೇಲೆ ಗುಳ್ಳೆ. ಇದು ಸೋಡಾಕ್ಕೆ ಗ್ಯಾಸ್ ತುಂಬಿದ ಹಾಗೆ ತುಂಬಿದ್ದಲ್ಲ. ಒಮ್ಮೆ ಹುದುಗಿ ವೈನ್ ಆದ ಮೇಲೆ, ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತೆ. ಅದರಿಂದ ಹುಟ್ಟಿದ ಗ್ಯಾಸಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ವೈನಿನಲ್ಲೇ ಕರಗಿ ಕೂರುತ್ತೆ. ಬಿರಡೆ ತೆಗೆದಾಗ ಗುಳ್ಳೆಯಾಗಿ ಏಳೋದು ಅದೇ.

ರೀಮ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೆ ಬೆಲೇರ್ ಈ ಗುಳ್ಳೆಗಳ ಮೇಲೇ ವರ್ಷಗಟ್ಟಲೆ ಸಂಶೋಧನೆ ಮಾಡಿದವರು. ಒಂದು ಗ್ಲಾಸನ್ನು ಮುಟ್ಟದೆ ಇಟ್ಟರೆ ಸುಮಾರು 10 ಲಕ್ಷ ಗುಳ್ಳೆ ಏಳ್ತವೆ ಅಂತ ಅವರ ಅಂದಾಜು. ಗುಳ್ಳೆ ಹುಟ್ಟೋದು ಬಹುಮಟ್ಟಿಗೆ ಗ್ಲಾಸಿನ ಒಳಗೆ ಅಂಟಿರುವ ಬಟ್ಟೆಯ, ಧೂಳಿನ ಸಣ್ಣ ಎಳೆಗಳಿಂದ ಅಂತಲೂ ಅವರು ತೋರಿಸಿದ್ದಾರೆ. ಹಾಗಾಗಿ 'ಗುಳ್ಳೆ ಜಾಸ್ತಿ ಇದ್ರೆ ಮಾಲು ಒಳ್ಳೇದು' ಅನ್ನೋ ಲೆಕ್ಕ ತಪ್ಪು. ಬಾಯಲ್ಲಿ ಹೇಗಿದೆ ಅನ್ನೋದು ಮುಖ್ಯ. ಹಳೆ ಒಳ್ಳೆ ವಿಂಟೇಜ್‌ನಲ್ಲಿ ಗುಳ್ಳೆ ಚುಚ್ಚೋದಿಲ್ಲ, ಹಾಲಿನ ಕೆನೆಯ ಹಾಗೆ ನುಣ್ಣಗೆ ಹರಡುತ್ತೆ.

ಮೂಗು: ಗಸಿಯ ಜೊತೆ ಕಳೆದ ವರ್ಷಗಳು

ಗ್ಲಾಸನ್ನು ಜೋರಾಗಿ ತಿರುಗಿಸಬೇಡಿ, ಮೂಗಿನ ಹತ್ತಿರ ತಂದು ಸಣ್ಣಗೆ ಎಳೆದುಕೊಳ್ಳಿ. ಮೊದಲು ಬರೋದು ಹಣ್ಣಿನ ಘಮ: ನಿಂಬೆ ಸಿಪ್ಪೆ, ಹೇರಳೆಕಾಯಿ, ಹಸಿರು ಸೇಬು. ಜೊತೆಗೆ ಬಿಳಿ ಹೂವಿನ ತೆಳು ವಾಸನೆ. ಇದು ತಳಿಯ ಗುಣ, ತಂಪು ಹವೆಯ ಗುಣ.

ಎರಡು ನಿಮಿಷ ಬಿಟ್ಟು ಮತ್ತೆ ಮೂಸಿ. ಈಗ ಬೇರೇನೋ ಬರುತ್ತೆ. ಬೆಳಿಗ್ಗೆ ಬೇಕರಿ ಮುಂದೆ ಹೋದಾಗ ಬರುವ ಬಿಸಿ ಬನ್ನಿನ ವಾಸನೆ, ತುಪ್ಪದಲ್ಲಿ ಹುರಿದ ಗೋಡಂಬಿ, ಸ್ವಲ್ಪ ಬೆಣ್ಣೆ. ದ್ರಾಕ್ಷಿಯಲ್ಲಿ ಬನ್ನಿನ ವಾಸನೆ ಎಲ್ಲಿಂದ ಬಂತು?

ಇದು ಯೀಸ್ಟಿನ ಕೆಲಸ. ಎರಡನೇ ಹುದುಗು ಮುಗಿದ ಮೇಲೆ ಯೀಸ್ಟ್ ಸತ್ತು ಬಾಟಲಿ ತಳದಲ್ಲಿ ಗಸಿಯಾಗಿ ಕೂರುತ್ತೆ. ವರ್ಷ ಕಳೆದ ಹಾಗೆ ಆ ಜೀವಕೋಶಗಳು ಮೆಲ್ಲಗೆ ಒಡೆದು ಒಳಗಿನ ಅಂಶಗಳನ್ನು ವೈನಿಗೆ ಬಿಟ್ಟುಕೊಡ್ತವೆ. ಬಿಸಿ ಬನ್ನಿನ ಘಮ, ಬಾಯಲ್ಲಿ ಸಿಗುವ ಕೆನೆತನ, ಎರಡರಲ್ಲೂ ಇದರ ಪಾಲು ದೊಡ್ಡದು. ಗಸಿ ಇರುವವರೆಗೆ ಅದು ಆಮ್ಲಜನಕವನ್ನೂ ಹೀರಿ ವೈನನ್ನು ಕಾಯುತ್ತೆ. ಈ ಬಾಟಲಿಗಳು ಮಲಗಿರೋದು ನೆಲದಡಿಯ ಮಾಳಿಗೆಗಳಲ್ಲಿ, ವರ್ಷವಿಡೀ 10–12 ಡಿಗ್ರಿ ತಂಪಿನಲ್ಲಿ.

ಮಾರುವ ಮೊದಲು ಗಸಿ ತೆಗೀಬೇಕಲ್ಲ? ಬಾಟಲಿಯನ್ನು ತಲೆಕೆಳಗಾಗಿ, ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಗಸಿಯನ್ನು ಕತ್ತಿನ ಹತ್ತಿರ ತರ್ತಾರೆ. 19ನೇ ಶತಮಾನದ ಶುರುವಿನಲ್ಲಿ, ಗಂಡ ತೀರಿಕೊಂಡ ಮೇಲೆ ವ್ಯಾಪಾರ ತಾನೇ ನಡೆಸಿದ ಮದಾಂ ಕ್ಲಿಕೋ ಅವರ ಮಾಳಿಗೆಯಲ್ಲಿ ಈ ಉಪಾಯ ರೂಪುಗೊಂಡಿತು. ಈಗ ಹೆಚ್ಚಿನ ಕಡೆ ಯಂತ್ರ ಬಂದಿದೆ. ಆಮೇಲೆ ಕತ್ತನ್ನಷ್ಟೇ ಮಂಜುಗಡ್ಡೆ ಮಾಡಿ ಮುಚ್ಚಳ ತೆಗೆದರೆ ಒತ್ತಡಕ್ಕೆ ಗಸಿಯ ಗಡ್ಡೆ ಹೊರಗೆ ಹಾರುತ್ತೆ. ಕಡಿಮೆಯಾದಷ್ಟನ್ನು ವೈನ್, ಸಕ್ಕರೆ ಸೇರಿಸಿ ತುಂಬಿಸ್ತಾರೆ. ಲೇಬಲ್ಲಿನ ಮೇಲೆ 'ಬ್ರೂಟ್' ಅಂತಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, 'ಎಕ್ಸ್‌ಟ್ರಾ ಬ್ರೂಟ್' ಅಂದರೆ 6 ಗ್ರಾಂವರೆಗೆ.

ಮೂಗಿಗೆ ಕೆಟ್ಟದ್ದೂ ಗೊತ್ತಾಗುತ್ತೆ. ನೆಂದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಕೋಸು ಕೊಳೆತ ವಾಸನೆ ಬಂದರೆ ಬಾಟಲಿಗೆ ಬೆಳಕು ತಗುಲಿದೆ. ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಎಷ್ಟೇ ದುಡ್ಡು ಕೊಟ್ಟಿರಲಿ, ಇಂಥ ಬಾಟಲಿ ವಾಪಸ್ ಕೊಡುವಂಥದ್ದು.

ಬಾಯಿ: ಹುಳಿಯೇ ಬೆನ್ನೆಲುಬು

ಈಗ ಒಂದು ಗುಟುಕು. ನುಂಗಬೇಡಿ, ನಾಲಿಗೆ ಮೇಲೆಲ್ಲ ಹರಡಿಕೊಳ್ಳಿ. ಮೊದಲು ಹೊಡೆಯೋದು ಹುಳಿ. ದವಡೆಯ ಎರಡೂ ಬದಿಯಲ್ಲಿ ಜೊಲ್ಲು ಸುರಿಯುತ್ತೆ. ನಿಂಬೆಹಣ್ಣು ಹಿಂಡಿದ ಹಾಗಲ್ಲ, ನೇರವಾಗಿ ಗೆರೆ ಎಳೆದ ಹಾಗೆ. ಅದರ ಸುತ್ತ ಹಣ್ಣು, ಬನ್ನು, ಕೆನೆ ಎಲ್ಲ ನಿಂತಿರ್ತವೆ. ಹುಳಿ ಇಲ್ಲದಿದ್ದರೆ ಈ ವೈನ್ ಹತ್ತು ವರ್ಷ ಬದುಕೋದೇ ಇಲ್ಲ.

ದ್ರಾಕ್ಷಿ ಬೆಳೆಗಾರರು ಇಲ್ಲಿ ಸ್ವಲ್ಪ ಗಮನ ಕೊಡಿ. ಶಾಂಪೇನ್‌ನಲ್ಲಿ ಕೊಯ್ಲು ಮಾಡೋದು ಸುಮಾರು 17–18 ಬ್ರಿಕ್ಸ್‌ಗೆ. ನಮ್ಮ ಟೇಬಲ್ ದ್ರಾಕ್ಷಿಯ ಬ್ರಿಕ್ಸೂ ಹೆಚ್ಚುಕಮ್ಮಿ ಅಷ್ಟೇ! ಹಾಗಾದ್ರೆ ವ್ಯತ್ಯಾಸ ಎಲ್ಲಿ? ಹುಳಿಯಲ್ಲಿ. ಆ ಸೀಮೆಯ ವರ್ಷದ ಸರಾಸರಿ ಉಷ್ಣಾಂಶ 11 ಡಿಗ್ರಿ ಆಸುಪಾಸು ಅಷ್ಟೇ. ದ್ರಾಕ್ಷಿಯಲ್ಲಿರುವ ಮ್ಯಾಲಿಕ್ ಆಮ್ಲವನ್ನು ಬಳ್ಳಿ ಬಿಸಿಲಿಗೆ ಉರುವಲಿನ ಹಾಗೆ ಉರಿಸಿಬಿಡುತ್ತೆ. ಹವೆ ಬಿಸಿಯಾದಷ್ಟೂ ಬೇಗ ಖಾಲಿ. ತಂಪು ರಾತ್ರಿಗಳಲ್ಲಿ ಅದು ಉಳಿಯುತ್ತೆ. ವಿಜಯಪುರದ ಮಾರ್ಚ್ ಬಿಸಿಲಿಗೂ ಲ ಮೆನಿಲ್‌ನ ಸೆಪ್ಟೆಂಬರ್ ತಂಪಿಗೂ ಇರುವ ವ್ಯತ್ಯಾಸ ಬ್ರಿಕ್ಸ್ ಮೀಟರಿನಲ್ಲಿ ಕಾಣೋದಿಲ್ಲ, ನಾಲಿಗೆಗೆ ಗೊತ್ತಾಗುತ್ತೆ.

ಅದಕ್ಕೇ ಅಲ್ಲಿನ ರೈತ ಕೊಯ್ಲಿನ ದಿನ ಗೊತ್ತು ಮಾಡೋದು ಸಕ್ಕರೆ, ಹುಳಿ, ಬಾಯಿರುಚಿ ಮೂರನ್ನೂ ನೋಡಿ. ನಾಲ್ಕು ದಿನ ಬೇಗ ಕೊಯ್ದರೆ ಹಸಿ ಹಸಿ ರುಚಿ, ನಾಲ್ಕು ದಿನ ತಡವಾದರೆ ಸಪ್ಪೆ. ಹತ್ತು ವರ್ಷದ ಮೇಲೆ ಗ್ಲಾಸಿನಲ್ಲಿ ಆ ತಪ್ಪು ಎದ್ದು ಕಾಣುತ್ತೆ.

ಸುಣ್ಣದ ಕಲ್ಲಿನ ಮೇಲೆ ಬಳ್ಳಿ

ರುಚಿ ನೋಡುವವರು ಈ ವೈನಿನಲ್ಲಿ 'ಸೀಮೆಸುಣ್ಣ', 'ಮಳೆ ಬಿದ್ದ ಕಲ್ಲು' ಅಂತೆಲ್ಲ ಬರೀತಾರೆ. ಕೋಟ್ ದೆ ಬ್ಲಾಂ ನೆಲದಡಿಯಲ್ಲಿ ಇರೋದು ನಿಜಕ್ಕೂ ಸೀಮೆಸುಣ್ಣದಂಥ ಬಿಳಿ ಕಲ್ಲು, ಮೇಲೆ ತೆಳು ಮಣ್ಣು. ಹಾಗಂತ ಕಲ್ಲೇ ಕರಗಿ ಬೇರಿನ ಮೂಲಕ ಗ್ಲಾಸಿಗೆ ಬಂತು ಅಂತ ತಿಳೀಬೇಡಿ. ಕಲ್ಲಿನ ನಿಜವಾದ ಕೆಲಸ ನೀರು ಹಿಡಿಯೋದು. ಈ ಕಲ್ಲು ಸ್ಪಂಜಿನ ಹಾಗೆ, ಒಂದು ಘನ ಮೀಟರಿನಲ್ಲಿ 300–400 ಲೀಟರ್ ನೀರು ಹಿಡಿದಿಡುತ್ತೆ. ಮಳೆ ಜಾಸ್ತಿಯಾದರೆ ಬಸಿಯುತ್ತೆ, ಬೇಸಿಗೆಯಲ್ಲಿ ಬೇರಿಗೆ ಮೆಲ್ಲಗೆ ಕೊಡುತ್ತೆ. ಬಳ್ಳಿ ಬಾಯಾರಿ ಒದ್ದಾಡೋದೂ ಇಲ್ಲ, ನೀರು ಕುಡಿದು ಕೊಬ್ಬೋದೂ ಇಲ್ಲ.

ಸುಣ್ಣದ ನೆಲಕ್ಕೆ ತೊಂದರೆಯೂ ಉಂಟು. ಕಬ್ಬಿಣದ ಅಂಶ ಬೇರಿಗೆ ಸಿಗದೆ ಎಲೆ ಹಳದಿ ಆಗುತ್ತೆ. ಸುಣ್ಣದಂಶ ಜಾಸ್ತಿಯಿರುವ ನಮ್ಮ ಕಪ್ಪು ಮಣ್ಣಿನ ತೋಟಗಳಲ್ಲಿ ಇದನ್ನು ನೋಡಿದವರು ಬಹಳ ಜನ ಇದ್ದೀರಿ. ಅಲ್ಲಿ ಇದಕ್ಕೆ 41ಬಿ ಅನ್ನೋ, ಸುಣ್ಣ ತಡೆಯುವ ಬೇರುಸಸಿ ಮೇಲೆ ಕಸಿ ಕಟ್ಟುತ್ತಾರೆ. ನಮ್ಮಲ್ಲಿ ಡಾಗ್ರಿಡ್ಜ್ ಬೇರುಸಸಿ ಬಳಸುವಾಗಲೂ ನಾವು ಮಾಡೋದು ಇದೇ ಯೋಚನೆ: ನೆಲಕ್ಕೆ ತಕ್ಕ ಬೇರು, ಮಾರುಕಟ್ಟೆಗೆ ತಕ್ಕ ತಳಿ.

ಕೊನೆಯ ರುಚಿ: ಸೆಕೆಂಡ್ ಎಣಿಸಿ

ನುಂಗಿದ ಅಥವಾ ಉಗಿದ ಮೇಲೆ ಬಾಯಲ್ಲಿ ರುಚಿ ಎಷ್ಟು ಹೊತ್ತು ನಿಲ್ಲುತ್ತೆ? ಫ್ರೆಂಚರು ಇದಕ್ಕೂ ಒಂದು ಅಳತೆ ಇಟ್ಟಿದ್ದಾರೆ, ಹೆಸರು 'ಕೋದಲೀ'. ನಮ್ಮ ಕೊಡಲಿ ಅಲ್ಲ! ಒಂದು ಕೋದಲೀ ಅಂದ್ರೆ ಒಂದು ಸೆಕೆಂಡ್. ಸಾಧಾರಣ ವೈನ್ ನಾಲ್ಕೈದು ಎಣಿಸುವಷ್ಟರಲ್ಲಿ ಮಾಯ. ಒಳ್ಳೆ ವಿಂಟೇಜ್ ಹತ್ತು ಎಣಿಸಿದರೂ, ಇನ್ನೂ ಮುಂದೆ ಹೋದರೂ ನಿಂತಿರುತ್ತೆ. ಕೊನೆಗೆ ನಾಲಿಗೆ ಮೇಲೆ ಸ್ವಲ್ಪ ಉಪ್ಪುಪ್ಪಾದ ಅನುಭವ ಉಳಿದು, ಇನ್ನೊಂದು ಗುಟುಕು ಬೇಕು ಅನ್ನಿಸುತ್ತೆ.

ಈ ಸ್ವಚ್ಛ ರುಚಿಗೆ ಗಾಣದ ಪಾತ್ರ ದೊಡ್ಡದು. ಶಾಂಪೇನ್‌ನಲ್ಲಿ ಕೊಯ್ಲು ಕೈಯಿಂದಲೇ ಆಗಬೇಕು, ಗೊಂಚಲು ಒಡೆಯಬಾರದು. 4,000 ಕೆಜಿ ದ್ರಾಕ್ಷಿಯಿಂದ 2,550 ಲೀಟರ್ ರಸ ಮಾತ್ರ ತೆಗೀಬಹುದು. ಅದರಲ್ಲೂ ಮೊದಲ 2,050 ಲೀಟರ್ ಶ್ರೇಷ್ಠ, ಆಮೇಲಿನ 500 ಲೀಟರ್ ಎರಡನೇ ದರ್ಜೆ. ಒಳ್ಳೆ ವಿಂಟೇಜ್ ಮಾಡುವವರು ಹೆಚ್ಚಾಗಿ ಮೊದಲ ರಸಕ್ಕೇ ನಿಲ್ಲಿಸ್ತಾರೆ. ಬರೀ ಮೊದಲ ರಸ ಬಳಸಿದರೆ 750 ಮಿಲಿಯ ಒಂದು ಬಾಟಲಿಗೆ ಸುಮಾರು ಒಂದೂವರೆ ಕೆಜಿ ದ್ರಾಕ್ಷಿ. ಗಟ್ಟಿಯಾಗಿ ಹಿಂಡಿದರೆ ರಸ ಇನ್ನೂ ಬರುತ್ತೆ, ಆದರೆ ಸಿಪ್ಪೆಯ ಒಗರೂ ಬರುತ್ತೆ.

ಕೆಟ್ಟ ವರ್ಷ ಬಂದರೆ?

ವಿಂಟೇಜ್ ಅಂದ್ರೆ ಬಾಟಲಿಯಲ್ಲಿಟ್ಟ ಒಂದು ವರ್ಷದ ಹವಾಮಾನ. 2003ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಬೇಗ ಚಿಗುರುವ ಶಾರ್ಡೊನೆ ಸುಟ್ಟುಹೋಯ್ತು. ಅದೇ ವರ್ಷ ಯುರೋಪಿನಲ್ಲಿ ಭಯಂಕರ ಬಿಸಿಲು, ಆಗಸ್ಟಿನಲ್ಲೇ ಕೊಯ್ಲು. ಸಲೋನ್ ಆ ವರ್ಷದ ವೈನ್ ಬಿಡಲಿಲ್ಲ. 2008 ತಂಪಾಗಿದ್ದು, ಕೊಯ್ಲಿನ ಹೊತ್ತಿಗೆ ಹವೆ ತಿಳಿಯಾಯ್ತು. ಆ ವರ್ಷದ ವೈನನ್ನು ಎಲ್ಲರೂ ಹೊಗಳ್ತಾರೆ. 2012ರಲ್ಲಿ ಹಿಮ, ಆಲಿಕಲ್ಲು, ಬೂಜುರೋಗ ಎಲ್ಲ ಬಂದು ಫಸಲು ಕಡಿಮೆಯಾಯ್ತು, ಉಳಿದ ಕಾಯಿ ಮಾತ್ರ ಬಹಳ ಚೆನ್ನಾಗಿ ಮಾಗಿತು. ನಮ್ಮ ಗ್ಲಾಸಿನಲ್ಲಿರೋದು ಆ ವರ್ಷದ್ದು. 2021ರಲ್ಲಿ ಮತ್ತೆ ಹಿಮ, ಮಳೆ, ಬೂಜು. ಬೆಳೆ ಬಹಳಷ್ಟು ಹೋಯ್ತು.

ಹಾಗಾದ್ರೆ ರೈತ ಬದುಕೋದು ಹೇಗೆ? ಅಲ್ಲಿ ಒಂದು ಏರ್ಪಾಡಿದೆ. ಹೆಕ್ಟೇರಿಗೆ ಎಷ್ಟು ಕೆಜಿವರೆಗೆ ಮಾರಬಹುದು ಅಂತ ಪ್ರತಿ ವರ್ಷ ರೈತರೂ ಕಂಪನಿಗಳೂ ಕೂತು ತೀರ್ಮಾನಿಸ್ತಾರೆ. ಒಳ್ಳೆ ವರ್ಷ ಅದಕ್ಕಿಂತ ಜಾಸ್ತಿ ಬಂದದ್ದರಲ್ಲಿ ಒಂದು ಮಿತಿಯವರೆಗೆ ವೈನ್ ಮಾಡಿ ಮೀಸಲು ಇಡ್ತಾರೆ. ಕೆಟ್ಟ ವರ್ಷ ಬಂದಾಗ ಆ ಮೀಸಲು ಬಿಚ್ಚುತ್ತಾರೆ. ಹಗೇವಿನಲ್ಲಿ ಜೋಳ ತುಂಬಿಡ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸ ವಿಷಯ ಅನ್ನಿಸ್ತಿರಲಿಲ್ಲ.

ಈ ಬೆಲೆ ಸುಮ್ಮನೆ ಬರಲಿಲ್ಲ

ನೂರು ವರ್ಷದ ಹಿಂದೆ ಈ ಐದೆಕರೆ ರೈತರ ಪರಿಸ್ಥಿತಿ ಬೇರೆಯೇ ಇತ್ತು. ಸಾಲು ಸಾಲು ಕೆಟ್ಟ ವರ್ಷಗಳು. 1910ರಲ್ಲಿ ಬೆಳೆ ಹೆಚ್ಚುಕಮ್ಮಿ ಪೂರ್ತಿ ಹೋಯ್ತು. ಇತ್ತ ಕೆಲವು ವ್ಯಾಪಾರಿಗಳು ಬೇರೆ ಸೀಮೆಯ ಅಗ್ಗದ ದ್ರಾಕ್ಷಿ, ವೈನ್ ತರಿಸಿ 'ಶಾಂಪೇನ್' ಅಂತ ಮಾರ್ತಿದ್ದರು. 1911ರಲ್ಲಿ ರೈತರು ದಂಗೆ ಎದ್ದರು. ಏಪ್ರಿಲ್‌ನಲ್ಲಿ ಆಯಿ ಅನ್ನೋ ಊರಿನಲ್ಲಿ ವ್ಯಾಪಾರಿಗಳ ಕಟ್ಟಡಗಳಿಗೆ ಬೆಂಕಿ ಬಿತ್ತು, ಪೀಪಾಯಿ ಒಡೆದು ವೈನ್ ಬೀದಿಗೆ ಹರೀತು. ಸರ್ಕಾರ ಸೈನ್ಯ ಕಳಿಸಿತು.

ಬೆಂಕಿ ಹಚ್ಚಿದ್ದರಿಂದಲೇ ಬೆಲೆ ಸಿಗಲಿಲ್ಲ. ಆಮೇಲಿನ ಮೂವತ್ತು ವರ್ಷದ ಕೆಲಸದಿಂದ ಸಿಕ್ಕಿತು. ಯಾವ ಊರಿನ ದ್ರಾಕ್ಷಿಗೆ ಎಷ್ಟು ಪರ್ಸೆಂಟ್ ದರ ಅಂತ ಊರುಗಳಿಗೆ ದರ್ಜೆ ಬಂತು. ಅವೀಝ್, ಕ್ರಮಾನ್ ಮುಂತಾದ ಊರುಗಳು ನೂರಕ್ಕೆ ನೂರು ಪಡೆದವು. 1927ರ ಕಾನೂನು ಸೀಮೆಯ ಗಡಿ ಗಟ್ಟಿ ಮಾಡಿತು. 1941ರಲ್ಲಿ ರೈತರ ಕಡೆಯಿಂದ ಒಬ್ಬರು, ಕಂಪನಿಗಳ ಕಡೆಯಿಂದ ಒಬ್ಬರು ಸಮಾನ ಅಧ್ಯಕ್ಷರಾಗಿರುವ ಸಮಿತಿ ಹುಟ್ಟಿತು. ಅದು ಈಗಲೂ ನಡೀತಿದೆ. ಹೆಚ್ಚಿನ ದೇಶಗಳಲ್ಲಿ ಆ ಸೀಮೆಯ ಹೊರಗೆ ಮಾಡಿದ ವೈನನ್ನು ಶಾಂಪೇನ್ ಅನ್ನುವ ಹಾಗಿಲ್ಲ. ನಮ್ಮ ದೇಶದ ಜಿಐ ಪಟ್ಟಿಯಲ್ಲೂ ಆ ಹೆಸರಿಗೆ ರಕ್ಷಣೆ ಇದೆ.

ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೂ ಜಿಐ ಇದೆ, ಬ್ಯಾಡಗಿ ಮೆಣಸಿನಕಾಯಿಗೂ ಇದೆ, ದೇವನಹಳ್ಳಿ ಚಕ್ಕೋತಕ್ಕೂ ಇದೆ. ಆದರೆ ಜಿಐ ಪತ್ರ ತಾನಾಗಿ ದರ ತಂದುಕೊಡೋದಿಲ್ಲ. 'ಇದು ನಮ್ಮದು, ಇದರ ರುಚಿ ಹೀಗಿರಬೇಕು, ಹೀಗಿಲ್ಲದಿದ್ದರೆ ಆ ಹೆಸರಲ್ಲಿ ಮಾರಬಾರದು' ಅಂತ ಬೆಳೆದವರೇ ನಾಲಿಗೆ ಮೇಲೆ ಗುರುತಿಸಿ ಹೇಳುವಂತಾಗಬೇಕು. ಸಲೋನ್ ಕೆಟ್ಟ ವರ್ಷಗಳನ್ನು ಬಿಟ್ಟುಬಿಡೋದು ಇದೇ ಧೈರ್ಯದಿಂದ.

ನಮ್ಮಲ್ಲಿ ಆಗುತ್ತಾ?

ನಂಟು ಇಲ್ಲದೇ ಇಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರೆಂಚ್ ತಳಿಗಳ ತೋಟ ಶುರು ಮಾಡಿದಾಗ ಅವರಿಗೆ ದಾರಿ ತೋರಿಸಿದವರಲ್ಲಿ ಶಾಂಪೇನ್‌ನ ಜಾರ್ಜ್ ವೆಸೆಲ್ ಒಬ್ಬರು. ನಾಸಿಕ್ ಹತ್ತಿರದ ದಿಂಡೋರಿಯಲ್ಲಿ ಶಾಂಡನ್ ಸಂಸ್ಥೆ ಶೆನಿನ್ ಬ್ಲಾಂ, ಶಾರ್ಡೊನೆ, ಪಿನೋ ನುವಾರ್‌ನಿಂದ ಗುಳ್ಳೆ ವೈನ್ ಮಾಡ್ತಿದೆ. ಆದರೆ ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ವರ್ಷಕ್ಕೆ ಎರಡು ಸಲ ಕಡ್ಡಿ ಸವರಬೇಕು, ಹುಳಿ ಬೇಗ ಇಳಿಯುತ್ತೆ. ಹಾಗಾಗಿ ಖರೀದಿ ಒಪ್ಪಂದ ಕೈಯಲ್ಲಿ ಇಲ್ಲದೆ ಶಾರ್ಡೊನೆ ಹಚ್ಚೋಕೆ ಹೋಗಬೇಡಿ. ಥಾಮ್ಸನ್, ಶರದ್, ಬೆಂಗಳೂರು ಬ್ಲೂ ಏನೇ ಬೆಳೆದರೂ ರುಚಿ ನೋಡುವ ಶಿಸ್ತನ್ನು ಮಾತ್ರ ಇವತ್ತೇ ಶುರು ಮಾಡಬಹುದು.

ಈ ಹಂಗಾಮಿನಲ್ಲಿ ಮಾಡಿ ನೋಡಿ

1. ತೋಟದ ಮೂರು ಜಾಗ ಆರಿಸಿ: ಎತ್ತರ, ನಡು, ತಗ್ಗು. ಕೊಯ್ಲಿಗೆ ಮೂರು ವಾರ ಮೊದಲಿನಿಂದ ಪ್ರತಿ ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಒಂದೇ ಹೊತ್ತಿಗೆ, ಗೊಂಚಲಿನ ಮೇಲೆ, ನಡು, ತುದಿಯಿಂದ ಕಾಯಿ ಕಿತ್ತು ಬ್ರಿಕ್ಸ್ ನೋಡಿ.

2. ಅದೇ ಕಾಯಿ ತಿಂದು ನಾಲ್ಕು ವಿಷಯ ಫೋನಿನಲ್ಲಿ ಬರೆದಿಡಿ: ಸಿಹಿ, ಹುಳಿ, ಸಿಪ್ಪೆಯ ಒಗರು, ನುಂಗಿದ ಮೇಲೆ ಎಷ್ಟು ಸೆಕೆಂಡ್ ರುಚಿ ನಿಂತಿತು. ಒಂದರಿಂದ ಐದರವರೆಗೆ ಅಂಕ ಕೊಟ್ಟರೆ ಸಾಕು.

3. ಸಾಧ್ಯವಾದರೆ ಒಂದು ಸಣ್ಣ ಪಿಎಚ್ ಮೀಟರ್ ಕೊಳ್ಳಿ. ಬ್ರಿಕ್ಸ್ ಒಂದೇ ಇರುವ ಎರಡು ಜಾಗದ ಪಿಎಚ್ ಬೇರೆ ಬೇರೆ ಬಂದರೆ, ರುಚಿ ಯಾಕೆ ಬೇರೆ ಅಂತ ಗೊತ್ತಾಗುತ್ತೆ.

4. ಹೆಸರು ಬರೆಯದ ಲೋಟಗಳಲ್ಲಿ ನಿಮ್ಮ ಮತ್ತು ಪಕ್ಕದ ತೋಟದ ಕಾಯಿ ಹಾಕಿ, ಮನೆಯವರಿಗೆ ಕೊಟ್ಟು ಕೇಳಿ. ಯಾವುದು ಯಾರದ್ದು ಅಂತ ಹೇಳಬೇಡಿ. ಬೇಜಾರಾಗಬಹುದು, ಆದರೆ ಕಲಿಯೋದು ಬಹಳ ಇರುತ್ತೆ.

5. ಮಳೆ, ಬಿಸಿಲು, ನೀರು ಕೊಟ್ಟದ್ದು, ಜಿಎ ಕೊಟ್ಟ ದಿನ – ಎಲ್ಲ ಒಂದೇ ಕಡೆ ಬರೆದಿಡಿ. ಮೂರು ವರ್ಷದ ದಾಖಲೆ ಸೇರಿದರೆ ಅದು ನಿಮ್ಮ ತೋಟದ ವಿಂಟೇಜ್ ಪುಸ್ತಕ.

ಖರೀದಿದಾರ ಬಂದು ಎರಡು ಕಾಯಿ ಬಾಯಿಗೆ ಹಾಕಿಕೊಂಡು "ಈ ಸಲ ಮಾಲು ಅಷ್ಟಕ್ಕಷ್ಟೇ" ಅಂತ ಮುಖ ಕಿವುಚಿದಾಗ ನಾವು ಸುಮ್ಮನೆ ನಿಲ್ಲೋದು ಯಾಕೆ? ನಮ್ಮ ಕಾಯಿಯ ರುಚಿಗೆ ನಮ್ಮ ಹತ್ತಿರ ಮಾತಿಲ್ಲ, ಲೆಕ್ಕವಿಲ್ಲ. ಅವನ ನಾಲಿಗೆಯೇ ದರ ಗೊತ್ತು ಮಾಡುತ್ತೆ. ಫೋನ್ ಮಾಡಿದ ತಿಕೋಟಾ ಗೆಳೆಯರಿಗೂ ಕೊನೆಗೆ ಹೇಳಿದ್ದು ಇಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹತ್ತು ವರ್ಷಾತ್ರೀ ದ್ರಾಕ್ಷಿ ಬೆಳಿಯಾಕ್ಹತ್ತಿ. ಬ್ರಿಕ್ಸ್ ದಿನಾ ನೋಡೀನಿ. ಕುಂತು ರುಚಿ ನೋಡಿಲ್ಲ ನೋಡ್ರಿ."

ಈ ಸಲ ನೋಡ್ತೀನಿ ಅಂದಿದ್ದಾರೆ. ನೀವೂ ನೋಡಿ, ಬರೆದಿಟ್ಟುಕೊಳ್ಳಿ.